ಮ್ಯಾಂಗನೀಸ್ ಬ್ರೋಮೈಡ್ ಹರಳಿನ ಸಿಪಿಎಲ್: ಜಿ ಮೌಲ್ಯ ನಿಲ್ಲುತ್ತಿಲ್ಲ, ಮಳೆಗಾಲದಲ್ಲಿ ಹೊಳಪೂ ಉಳಿಯುತ್ತಿಲ್ಲ

ಕೊಣಾಜೆ_ಹರಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕೈರಲ್ (ಎಡಗೈ-ಬಲಗೈಯಂತೆ ಒಂದಕ್ಕೊಂದು ಕನ್ನಡಿ ಬಿಂಬವಾದ ಎರಡು ರೂಪ ಇರುವ) ಲೋಹ ಹ್ಯಾಲೈಡ್‌ನಿಂದ ವೃತ್ತೀಯ ಧ್ರುವಿತ ಬೆಳಕು, ಅಂದರೆ ಸಿಪಿಎಲ್, ಪಡೆಯುವ ಕೆಲಸ ನಡೆದಿದೆ. ಎರಡು ಕಡೆ ತೊಡಕು ಉಂಟು.

ವಸ್ತು: ಆರ್ ಮತ್ತು ಎಸ್ (ಆ ಎರಡು ಕನ್ನಡಿ ಬಿಂಬದ) ರೂಪದ ಎನ್,ಎನ್-ಡೈಮಿಥೈಲ್-1-ಫಿನೈಲ್‌ಈಥೈಲ್‌ಅಮೀನ್‌ಗೆ ಬೆಂಜೈಲ್ ಬ್ರೋಮೈಡ್ ಸೇರಿಸಿ ಮಾಡಿದ ಕ್ವಾಟರ್ನರಿ ಅಮೋನಿಯಂ ಬ್ರೋಮೈಡ್. ಅದರ 2 ಮಿಲಿಮೋಲ್‌ಗೆ (641 ಮಿ.ಗ್ರಾಂ) 1 ಮಿಲಿಮೋಲ್ ಮ್ಯಾಂಗನೀಸ್ ಬ್ರೋಮೈಡ್ (215 ಮಿ.ಗ್ರಾಂ) ಎಥನಾಲ್‌ನಲ್ಲಿ ಕರಗಿಸಿ, ಡೈಈಥೈಲ್ ಈಥರ್ ಆವಿ ಹಾಯಿಸಿ ಹರಳು ತೆಗೆದದ್ದು. ತಿಳಿ ಹಸಿರು-ಹಳದಿ ಹರಳು, 365 ನ್ಯಾ.ಮೀ. ಎಲ್‌ಇಡಿ ಕೆಳಗೆ ಚೆನ್ನಾಗಿ ಹಸಿರು ಹೊಳೆಯುತ್ತದೆ, ಶಿಖರ 520 ನ್ಯಾ.ಮೀ. ಹತ್ತಿರ.

ಅಳತೆ: ಪುಡಿಯನ್ನು ಪ್ಲಾಸ್ಟಿಕ್ ಪೆಟ್ರಿ ಡಿಶ್‌ನಲ್ಲಿ ತೆಳ್ಳಗೆ ಹರಡಿ, ಅದೇ ಎಲ್‌ಇಡಿಯಿಂದ ಬೆಳಕು ಬಿಟ್ಟು, 90 ಡಿಗ್ರಿ ಕೋನದಲ್ಲಿ ಲೆನ್ಸ್, ಕ್ವಾರ್ಟರ್ ವೇವ್ ಪ್ಲೇಟ್ (ವೃತ್ತೀಯ ಧ್ರುವಿತ ಬೆಳಕನ್ನು ರೇಖೀಯ ಮಾಡುವ ಫಲಕ), ಪೋಲರೈಸರ್, ಕೊನೆಗೆ ಫೈಬರ್ ಸ್ಪೆಕ್ಟ್ರೋಮೀಟರ್. ಎಡ-ಬಲ ಬದಲಿಸಲು ಪೋಲರೈಸರನ್ನು ತಿರುಗಿಸುವುದು.

ಆರ್ ಹರಳಿಗೆ ಜಿ (ಎಡ ಬಲ ವೃತ್ತೀಯ ಬೆಳಕಿನ ನಡುವೆ ವ್ಯತ್ಯಾಸ ಎಷ್ಟು ಅಂತ ಹೇಳುವ ಅಂಕಿ) = +0.021, ಎಸ್ ಹರಳಿಗೆ +0.006 ಬರುತ್ತದೆ. ಒಂದು ಧನ, ಒಂದು ಋಣ ಇರಬೇಕಿತ್ತಲ್ಲ? ಜೊತೆಗೆ ಹೊರಗಿಟ್ಟ ಪುಡಿ ಸಂಜೆಯೊಳಗೆ ಮಂಕಾಗಿ ಅಂಟಂಟಾಗುತ್ತದೆ. ವಸ್ತುವನ್ನೇ ಬದಲಿಸಬೇಕಾ? ಮಿಥೈಲ್‌ಬೆಂಜೈಲ್ ಅಮೀನಿನ ಸೀಸದ ಅಯೋಡೈಡ್ ಕಡೆ ಹೋದರೆ ಜಿ ದೊಡ್ಡದಾಗುತ್ತದೆ ಅಂತ ಕೆಲವರು ಹೇಳುತ್ತಾರೆ.

ಮಣಿಪಾಲ_ಮಸೂರ ಉತ್ತರಿಸಿದ್ದು:

ವಸ್ತು ಬದಲಿಸುವ ಮಾತು ಆಮೇಲೆ. ಈಗ ಬಂದಿರುವ ಎರಡು ಅಂಕಿಗಳಲ್ಲಿ ಹರಳಿನ ಪಾಲು ಎಷ್ಟು, ಆಪ್ಟಿಕ್ಸ್‌ನ ಪಾಲು ಎಷ್ಟು ಅಂತ ಬಿಡಿಸದೆ ಯಾವ ವಸ್ತು ಮಾಡಿದರೂ ಇದೇ ಗೋಳು.

ಜಿ = 2 × (ಎಡ − ಬಲ) ÷ (ಎಡ + ಬಲ). ಅಂದರೆ ಜಿ 0.01 ಇದ್ದರೆ ಎಡ ಬಲಗಳ ವ್ಯತ್ಯಾಸ ಬರೀ ಶೇ 1. ಇಷ್ಟು ಸಣ್ಣ ವ್ಯತ್ಯಾಸವನ್ನು ಹರಳೇ ಕೊಡಬೇಕೆಂದಿಲ್ಲ, ಬೇರೆ ಹತ್ತು ಕಡೆಯಿಂದ ಬರಬಹುದು. ನಿಮ್ಮ ಜೋಡಣೆಯಲ್ಲೇ ನಾಲ್ಕು ಕಾಣುತ್ತಿವೆ.

ಮೊದಲನೆಯದು ಪೋಲರೈಸರ್ ತಿರುಗಿಸುವುದು. ಸ್ಪೆಕ್ಟ್ರೋಮೀಟರ್ ಒಳಗಿನ ಗ್ರೇಟಿಂಗ್ ಎಲ್ಲಾ ದಿಕ್ಕಿನ ರೇಖೀಯ ಧ್ರುವಿತ ಬೆಳಕನ್ನು ಒಂದೇ ಸಮ ಹಾಯಿಸುವುದಿಲ್ಲ. ನಡುವಿನ ಫೈಬರ್ ಧ್ರುವಣವನ್ನು ಕಲಸುತ್ತದೆ ನಿಜ, ಆದರೆ ಪೂರ್ತಿ ಅಲ್ಲ. ಹಾಗಾಗಿ ಪೋಲರೈಸರ್ ಕದಲಬಾರದು. ಅದನ್ನು ಗಟ್ಟಿಯಾಗಿ ಕೂರಿಸಿ, ಕ್ವಾರ್ಟರ್ ವೇವ್ ಪ್ಲೇಟನ್ನು +45 ಮತ್ತು −45 ಡಿಗ್ರಿಗೆ ತಿರುಗಿಸಿ.

ಎರಡನೆಯದು ಕೋನದ ನಿಖರತೆ. ಎರಡೂ ಸ್ಥಾನಗಳಲ್ಲಿ ತಪ್ಪು ಒಂದೇ ಇದ್ದರೆ ಕಳೆಯುವಾಗ ಹೋಗಿಬಿಡುತ್ತದೆ, ಪ್ಲೇಟ್ ಪೂರ್ತಿ ಕಾಲು ತರಂಗ ಇಲ್ಲದಿದ್ದರೂ ದೊಡ್ಡ ಹಾನಿ ಇಲ್ಲ. ಆದರೆ ಎರಡು ಸ್ಥಾನಗಳ ನಡುವೆ ಸರಿಯಾಗಿ 90 ಡಿಗ್ರಿ ಇಲ್ಲದೆ 1 ಡಿಗ್ರಿ ಹೆಚ್ಚುಕಮ್ಮಿ ಆಗಿ, ಹೊಮ್ಮುವ ಬೆಳಕಿನಲ್ಲಿ ಶೇ 30 ರೇಖೀಯ ಧ್ರುವಣ ಇದ್ದರೆ, 0.01ರಷ್ಟು ಸುಳ್ಳು ಜಿ ಅಲ್ಲೇ ಹುಟ್ಟುತ್ತದೆ. ಕೈಯಲ್ಲಿ ತಿರುಗಿಸಿ ಗೀಟು ನೋಡಿ ನಿಲ್ಲಿಸುವ ಮೌಂಟ್ ಇದಕ್ಕೆ ಸಾಲದು. ಎರಡೂ ತುದಿಯಲ್ಲಿ ತಡೆ ಇರುವುದು ಬೇಕು.

ಮೂರನೆಯದು 90 ಡಿಗ್ರಿ ಜೋಡಣೆ. ಬದಿಯಿಂದ ನೋಡಿದಾಗ ರೇಖೀಯ ಧ್ರುವಣ ಹೆಚ್ಚು ಕಾಣುತ್ತದೆ, ಅದೇ ಮೇಲೆ ಹೇಳಿದ ತಪ್ಪಿಗೆ ಮೇವು. ಬೆಳಕು ಹಿಂದಿನಿಂದ ಬಿಟ್ಟು ಮುಂದಿನಿಂದ ನೇರ ಸಾಲಿನಲ್ಲಿ ಹಿಡಿಯಿರಿ. 500 ನ್ಯಾ.ಮೀ. ಲಾಂಗ್‌ಪಾಸ್ ಫಿಲ್ಟರ್ ಹಾಕಿ, ಆದರೆ ಪೋಲರೈಸರ್ ಆದಮೇಲೆ ಹಾಕಿ, ಮೊದಲು ಅಲ್ಲ. ಲೆನ್ಸ್ ಕೂಡ ಹಾಗೇ. ಸ್ಯಾಂಪಲ್ ದಾಟಿದ ಮೇಲೆ ಬೆಳಕು ಮೊದಲು ಸೇರಬೇಕಾದದ್ದು ಕ್ವಾರ್ಟರ್ ವೇವ್ ಪ್ಲೇಟನ್ನು.

ನಾಲ್ಕನೆಯದೇ ದೊಡ್ಡದು: ಪ್ಲಾಸ್ಟಿಕ್ ಪೆಟ್ರಿ ಡಿಶ್. ಅಚ್ಚಿನಲ್ಲಿ ಒತ್ತಿ ತೆಗೆದ ಪಾಲಿಸ್ಟೈರೀನ್ ಪೂರ್ತಿ ದ್ವಿವಕ್ರೀಭವನದ (ಧ್ರುವಣದ ದಿಕ್ಕಿಗೆ ತಕ್ಕಂತೆ ಬೆಳಕಿನ ವೇಗ ಬದಲಿಸುವ) ವಸ್ತು. ಅಡ್ಡಡ್ಡ ಇಟ್ಟ ಎರಡು ಪೋಲರೈಸರ್ ನಡುವೆ ಹಿಡಿದು ನೋಡಿ, ಕಾಮನಬಿಲ್ಲಿನ ಬಣ್ಣ ಹರಿಯುತ್ತದೆ. ಅದು ರೇಖೀಯ ಧ್ರುವಿತ ಬೆಳಕನ್ನು ನಿಜವಾಗಿಯೇ ವೃತ್ತೀಯ ಮಾಡಿ ಕಳಿಸುತ್ತದೆ, ಮುಂದಿನ ಯಾವ ಉಪಕರಣಕ್ಕೂ ಇದು ಸುಳ್ಳು ಅಂತ ಗೊತ್ತಾಗುವುದಿಲ್ಲ. 5 ಡಿಗ್ರಿ ರಿಟಾರ್ಡೇಶನ್ (ಆ ವೇಗದ ವ್ಯತ್ಯಾಸದಿಂದ ಒಂದು ಅಲೆ ಇನ್ನೊಂದಕ್ಕಿಂತ ಹಿಂದೆ ಬೀಳುವುದು) ಇದ್ದು, ಶೇ 30 ರೇಖೀಯ ಧ್ರುವಣ ಅಕ್ಷಕ್ಕೆ 45 ಡಿಗ್ರಿಯಲ್ಲಿ ಬಂದರೆ ಸುಳ್ಳು ಜಿ 0.05. ನೀವು ಹುಡುಕುತ್ತಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಗಾಜಿನ ಅಥವಾ ಫ್ಯೂಸ್ಡ್ ಸಿಲಿಕಾ ತುಂಡು ಬಳಸಿ, ಅದನ್ನೂ ಅಡ್ಡ ಪೋಲರೈಸರ್ ನಡುವೆ ನೋಡಿ ಕಪ್ಪಾಗಿ ಕಂಡರೆ ಮಾತ್ರ ಇಟ್ಟುಕೊಳ್ಳಿ. ಕವರ್ ಗ್ಲಾಸ್ ಅಂಚಿಗೆ ಎಪಾಕ್ಸಿ ದಪ್ಪಗೆ ಹಚ್ಚಿದರೂ ಅದು ಕುಗ್ಗುವಾಗ ಗಾಜನ್ನು ಎಳೆದು ಇದೇ ತೊಂದರೆ ಮಾಡುತ್ತದೆ.

ಈಗ ಪರೀಕ್ಷೆ. ಸ್ಯಾಂಪಲನ್ನು ತನ್ನ ಸಮತಲದಲ್ಲೇ 90 ಡಿಗ್ರಿ ತಿರುಗಿಸಿ ಮತ್ತೆ ಅಳೆಯಿರಿ. ನಿಜವಾದ ಸಿಪಿಎಲ್ ಹಾಗೇ ನಿಲ್ಲುತ್ತದೆ. ಸ್ಯಾಂಪಲ್ ಅಥವಾ ತಟ್ಟೆಯಿಂದ ಬಂದ ಸುಳ್ಳು ಭಾಗದ ಚಿಹ್ನೆ ತಿರುಗುತ್ತದೆ. ತಿರುಗಿಸಿದರೂ ಬದಲಾಗದ, ಆರ್ ಎಸ್ ಎರಡರಲ್ಲೂ ಒಂದೇ ಚಿಹ್ನೆಯ ಭಾಗ ಉಳಿದರೆ ತಪ್ಪು ಆಪ್ಟಿಕ್ಸ್‌ನಲ್ಲಿದೆ.

ಓದುವ ಕ್ರಮ ಎಡ, ಬಲ, ಬಲ, ಎಡ. ಎಲ್‌ಇಡಿ ನಿಧಾನವಾಗಿ ಬಿಸಿಯಾಗಿ ಮಂಕಾಗುವುದು ಹೀಗೆ ಓದಿದರೆ ಕಳೆದುಹೋಗುತ್ತದೆ. ಎಲ್‌ಇಡಿಗೆ ಸ್ಥಿರ ಡಿಸಿ ಕರೆಂಟ್ ಕೊಡಿ; ಅಗ್ಗದ ಡ್ರೈವರ್ 100 ಹರ್ಟ್ಸ್‌ನಲ್ಲಿ ಮಿನುಗುತ್ತದೆ. ಜಿಯಲ್ಲಿ 0.001ರ ಅನಿಶ್ಚಿತತೆ ಸಾಕು ಅಂದರೂ ಕಡಿಮೆಯೆಂದರೆ 40 ಲಕ್ಷ ಫೋಟಾನ್ ಎಣಿಸಬೇಕು, ಆದ್ದರಿಂದ ಶಿಖರದ ಒಂದೇ ಪಿಕ್ಸೆಲ್ ನೋಡಬೇಡಿ, 510ರಿಂದ 530 ನ್ಯಾ.ಮೀ. ವರೆಗಿನ ಪಿಕ್ಸೆಲ್‌ಗಳನ್ನು ಕೂಡಿಸಿ. 0.001ಕ್ಕಿಂತ ಕೆಳಗೆ ಹೋಗಬೇಕಾದರೆ ಈ ಜೋಡಣೆ ಬಿಟ್ಟು 50 ಕಿಲೋಹರ್ಟ್ಸ್‌ನ ಫೋಟೋಇಲಾಸ್ಟಿಕ್ ಮಾಡ್ಯುಲೇಟರ್ (ಧ್ರುವಣವನ್ನು ವೇಗವಾಗಿ ಬದಲಿಸುವ ಉಪಕರಣ) ಮತ್ತು ಲಾಕ್-ಇನ್ (ಅದೇ ಆವರ್ತನದ ಸಂಕೇತವನ್ನು ಮಾತ್ರ ಹಿಡಿಯುವ ಆಂಪ್ಲಿಫೈಯರ್) ಬೇಕೇ ಬೇಕು.

ಸೊನ್ನೆಯನ್ನು ಹಿಡಿಯಲು ಟೆಟ್ರಾಫಿನೈಲ್‌ಫಾಸ್ಫೋನಿಯಂ ಮ್ಯಾಂಗನೀಸ್ ಬ್ರೋಮೈಡ್ ಮಾಡಿಕೊಳ್ಳಿ: ಟೆಟ್ರಾಫಿನೈಲ್‌ಫಾಸ್ಫೋನಿಯಂ ಬ್ರೋಮೈಡ್ 839 ಮಿ.ಗ್ರಾಂ, ಮ್ಯಾಂಗನೀಸ್ ಬ್ರೋಮೈಡ್ 215 ಮಿ.ಗ್ರಾಂ. ಕ್ಯಾಟಯಾನ್ ಕೈರಲ್ ಅಲ್ಲ, ಹೊಳಪು ಅದೇ ಹಸಿರು, ಅದೇ ತರಂಗಾಂತರ. ಅದರ ಜಿ ಸೊನ್ನೆ ಬರುವವರೆಗೆ ನಿಮ್ಮ ಹರಳನ್ನು ಅಳೆಯಲೇಬೇಡಿ. ಚಿಹ್ನೆ ಮತ್ತು ಗಾತ್ರಕ್ಕೆ ಯೂರೋಪಿಯಂ ಫ್ಯಾಕಾಮ್ ಎಂಬ ಕೈರಲ್ ಸಂಯುಕ್ತ ಉಂಟು. ಎನ್‌ಎಂಆರ್ ಶಿಫ್ಟ್ ರೀಏಜೆಂಟ್ ಹೆಸರಿನಲ್ಲಿ ಸಿಗುತ್ತದೆ. ಅದರ ಧನ ರೂಪವನ್ನು ಒಣ ಡಿಎಂಎಸ್‌ಒದಲ್ಲಿ ಕರಗಿಸಿದರೆ 595 ನ್ಯಾ.ಮೀ.ನಲ್ಲಿ ಜಿ −0.78. ಡಿಎಂಎಸ್‌ಒ ನೀರು ಹೀರಿದ್ದರೆ ಈ ಅಂಕಿ ಬರುವುದಿಲ್ಲ.

ಆಟಿಮಳೆ ಉತ್ತರಿಸಿದ್ದು:

ಆಪ್ಟಿಕ್ಸ್ ಬಗ್ಗೆ ಮಸೂರ ಸರ್ ಹೇಳಿಯಾಯಿತು. ನಾನು ನೀರಿನ ಕಡೆ ಮಾತ್ರ ಹೇಳುತ್ತೇನೆ, ಮಂಗಳೂರಿನಲ್ಲಿ ಅರ್ಧ ಕೆಲಸ ಅಲ್ಲೇ ಇರುವುದು.

ನಾಲ್ಕು ಬ್ರೋಮೈಡ್ ಸುತ್ತುವರಿದ ಟೆಟ್ರಾಹೆಡ್ರಲ್ ಮ್ಯಾಂಗನೀಸ್ ಹಸಿರು ಹೊಳೆಯುತ್ತದೆ. ನೀರು ಬಂದು ಮ್ಯಾಂಗನೀಸಿಗೆ ಕಚ್ಚಿದರೆ ಆ ಜ್ಯಾಮಿತಿ ಒಡೆದು ಹೊಳಪು ಹೋಗುತ್ತದೆ. ಆದರೆ ಒಂದೇ ದಿನದಲ್ಲಿ ಅಂಟಾಗುತ್ತದೆ ಎಂದರೆ ನನಗೆ ಅನುಮಾನ ನಿಮ್ಮ ಹರಳಿನ ಮೇಲಲ್ಲ, ಅದರ ಮೇಲ್ಮೈಯಲ್ಲಿ ಉಳಿದ ಮ್ಯಾಂಗನೀಸ್ ಬ್ರೋಮೈಡ್ ಮೇಲೆ. ಅದು ಗಾಳಿಯ ನೀರನ್ನು ಎಳೆದು ತಾನೂ ಕರಗಿ ಪಕ್ಕದ ಹರಳನ್ನೂ ಕರಗಿಸುತ್ತದೆ. ಈಥರಿನಲ್ಲಿ ತೊಳೆದರೆ ಅದು ಹೋಗುವುದಿಲ್ಲ. ಉಳಿಯದಂತೆ ತೂಕದಲ್ಲೇ ನೋಡಿಕೊಳ್ಳಬೇಕು: ಮೋಲ್ ಲೆಕ್ಕದಲ್ಲಿ ನಿಮ್ಮ ಕ್ವಾಟರ್ನರಿ ಅಮೋನಿಯಂ ಬ್ರೋಮೈಡ್ 2.05 ಪಾಲು, ಮ್ಯಾಂಗನೀಸ್ ಬ್ರೋಮೈಡ್ 1 ಪಾಲು.

ತೂಕಕ್ಕೆ ಮೊದಲು ಬಾಟಲಿಯಲ್ಲಿ ಇರುವುದು ಏನು ಅಂತ ಗೊತ್ತಿರಬೇಕು. ನೀರಿಲ್ಲದ ಮ್ಯಾಂಗನೀಸ್ ಬ್ರೋಮೈಡ್ ಮೋಲಿಗೆ 215 ಗ್ರಾಂ, ನಾಲ್ಕು ನೀರಿನದು 287 ಗ್ರಾಂ. ಒಮ್ಮೆ ತೆರೆದ ಬಾಟಲಿ ಜೂನ್ ದಾಟಿದರೆ ಲೇಬಲ್ ಏನೇ ಹೇಳಲಿ, ಈ ಎರಡರ ನಡುವೆ ಎಲ್ಲೋ ಇರುತ್ತದೆ, ಮುಚ್ಚಳ ಸರಿಯಾಗಿ ಹಾಕದ ಹಪ್ಪಳದ ಡಬ್ಬಿಯ ಹಾಗೆ. ಇಡಿಟಿಎ ಟೈಟ್ರೇಶನ್ ಮಾಡಿಬಿಡಿ, ಅರ್ಧ ಗಂಟೆಯ ಕೆಲಸ. ಸುಮಾರು 30 ಮಿ.ಗ್ರಾಂ ಉಪ್ಪನ್ನು ನೀರಿನಲ್ಲಿ ಕರಗಿಸಿ, ಮ್ಯಾಂಗನೀಸ್ ಗಾಳಿಗೆ ಆಕ್ಸಿಡೈಸ್ ಆಗದಂತೆ ಚಿಟಿಕೆ ಆಸ್ಕಾರ್ಬಿಕ್ ಆಮ್ಲ ಹಾಕಿ, ಆಮೇಲೆ ಪಿಎಚ್ 10ರ ಅಮೋನಿಯಾ ಬಫರ್, ಕೊನೆಬಿಂದು ತೋರಿಸುವ ಬಣ್ಣ ಎರಿಯೋಕ್ರೋಮ್ ಬ್ಲ್ಯಾಕ್ ಟಿ. ಆಸ್ಕಾರ್ಬಿಕ್ ಆಮ್ಲಕ್ಕೆ ಮೊದಲೇ ಬಫರ್ ಹಾಕಿದರೆ ಕಂದು ಬಣ್ಣ ಕಟ್ಟಿ ಕೊನೆಬಿಂದು ಕಾಣುವುದಿಲ್ಲ. 0.01 ಮೋಲಾರ್ ಇಡಿಟಿಎ 1 ಮಿ.ಲೀ.ಗೆ 0.549 ಮಿ.ಗ್ರಾಂ ಮ್ಯಾಂಗನೀಸ್. ಸಿಕ್ಕ ಅಂಕಿಯಿಂದ ತೂಕ ಲೆಕ್ಕ ಹಾಕಿ.

ಹರಳು ತೆಗೆದ ಮೇಲೆ 60 ಡಿಗ್ರಿಯಲ್ಲಿ ನಿರ್ವಾತದಲ್ಲಿ ಒಣಗಿಸಿ. ಮಂಕಾದ ಪುಡಿ ಬರೀ ನೀರಿನಿಂದ ಮಂಕಾಗಿದ್ದರೆ ಹೀಗೆ ಒಣಗಿಸಿದಾಗ ಹಸಿರು ವಾಪಸು ಬರುತ್ತದೆ. ಕಂದು ಬಣ್ಣಕ್ಕೆ ತಿರುಗಿದ್ದರೆ ಬರುವುದಿಲ್ಲ, ಅದು ಆಕ್ಸಿಡೈಸ್ ಆಗಿದೆ, ಬಿಸಾಡಿ ಹೊಸತು ಮಾಡಿ. ಡೆಸಿಕೇಟರಿನ ಸಿಲಿಕಾ ಜೆಲ್ ಬಣ್ಣ ಬದಲಾಗುವವರೆಗೆ ಕಾಯದೆ ಆಗಾಗ 120 ಡಿಗ್ರಿಯಲ್ಲಿ ಎರಡು ಗಂಟೆ ಹುರಿದುಕೊಳ್ಳಿ.

ಎಸಿ ಬಗ್ಗೆ ಒಂದು ಮಾತು. ಹೊರಗೆ 27 ಡಿಗ್ರಿ, ತೇವಾಂಶ ಶೇ 90 ಇರುವ ದಿನ ಇಬ್ಬನಿ ಬಿಂದು 25 ಡಿಗ್ರಿ. ಕೋಣೆಯನ್ನು 18ಕ್ಕೆ ತಂಪು ಮಾಡಿಟ್ಟು ಬಾಗಿಲು ತೆರೆದರೆ ಒಳಗಿನ ಗಾಜು, ಲೆನ್ಸ್, ಸ್ಯಾಂಪಲ್ ಎಲ್ಲದರ ಮೇಲೂ ನೀರು ಕೂರುತ್ತದೆ. ಎಸಿ 26ರಲ್ಲಿಟ್ಟು ಡಿಹ್ಯೂಮಿಡಿಫೈಯರ್ ಓಡಿಸುವುದು ಎಷ್ಟೋ ಮೇಲು. ಫ್ರಿಜ್ಜಿನಿಂದ ತೆಗೆದ ವಯಲ್ ಕೋಣೆಯ ಬಿಸಿಗೆ ಬರುವ ಮೊದಲು ಮುಚ್ಚಳ ತೆಗೆಯಬೇಡಿ.

ಅಳೆಯಲು ಪುಡಿಯನ್ನು ಪಿಎಂಎಂಎ (ಅಕ್ರಿಲಿಕ್ ಪ್ಲಾಸ್ಟಿಕ್) ಒಳಗೆ ಹಿಡಿದಿಡಬಹುದು. 1 ಮಿ.ಲೀ. ಟಾಲ್ಯುವಿನ್‌ಗೆ 100 ಮಿ.ಗ್ರಾಂ ಪಿಎಂಎಂಎ, ಅದಕ್ಕೆ 10 ಮಿ.ಗ್ರಾಂ ನುಣ್ಣಗೆ ಅರೆದ ಹರಳು. ಉಪ್ಪು ಟಾಲ್ಯುವಿನ್‌ನಲ್ಲಿ ಕರಗುವುದಿಲ್ಲ, ಹಾಗಾಗಿ ಹರಳಿನ ರಚನೆ ಕೆಡುವುದಿಲ್ಲ. ಡೈಕ್ಲೋರೋಮೀಥೇನ್ ಬೇಡವೇ ಬೇಡ. ಅದು ಗಡಿಬಿಡಿಯಲ್ಲಿ ಆವಿಯಾಗಿ ಫಿಲ್ಮನ್ನು ಇಬ್ಬನಿ ಬಿಂದುವಿನ ಕೆಳಗೆ ತಂಪು ಮಾಡುತ್ತದೆ, ಫಿಲ್ಮ್ ಹಾಲಿನಂತೆ ಬೆಳ್ಳಗಾಗುತ್ತದೆ, ಆ ಬಿಳುಪು ಪೂರ್ತಿ ನೀರಿನ ಹನಿ ಮಾಡಿದ ತೂತು. ಬೆಳಕು ಅಲ್ಲಿ ಚದುರಿ ಜಿ ಕಡಿಮೆಯಾಗುತ್ತದೆ.

ತಾಳಿಕೆ ಎಷ್ಟು ಅಂತ ಬರೆಯುವಾಗ "ಗಾಳಿಯಲ್ಲಿ ಎರಡು ದಿನ" ಅಂದರೆ ಇಲ್ಲಿನ ಜುಲೈಗೂ ಫೆಬ್ರವರಿಗೂ ಹೋಲಿಕೆಯೇ ಇಲ್ಲ. ಮುಚ್ಚಿದ ಜಾಡಿಯಲ್ಲಿ ಉಪ್ಪಿನ ಸಂತೃಪ್ತ ದ್ರಾವಣ ಇಡಿ: 25 ಡಿಗ್ರಿಯಲ್ಲಿ ಲಿಥಿಯಂ ಕ್ಲೋರೈಡ್ ಶೇ 11, ಮೆಗ್ನೀಸಿಯಂ ಕ್ಲೋರೈಡ್ ಶೇ 33, ಅಡುಗೆ ಉಪ್ಪು ಶೇ 75 ತೇವಾಂಶ ಕೊಡುತ್ತದೆ. ಎಷ್ಟರಲ್ಲಿ ಕೆಡುತ್ತದೆ ಅಂತ ಆಗ ನಿಖರವಾಗಿ ಹೇಳಬಹುದು.

ಕೊಣಾಜೆ_ಹರಳು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಪೆಟ್ರಿ ಡಿಶ್ ಅಡ್ಡ ಪೋಲರೈಸರ್ ನಡುವೆ ಬಣ್ಣಬಣ್ಣವಾಗಿ ಕಾಣುತ್ತದೆ. ಅದೇ ತಟ್ಟೆಯಲ್ಲೇ 90 ಡಿಗ್ರಿ ತಿರುಗಿಸಿ ನೋಡಿದ್ದು: ಆರ್ ಮೊದಲು +0.021, ತಿರುಗಿಸಿದಾಗ −0.005. ಎಸ್ ಮೊದಲು +0.006, ತಿರುಗಿಸಿದಾಗ −0.022. ಸರಾಸರಿ ತೆಗೆದರೆ ಆರ್ +0.008, ಎಸ್ −0.008. ಹಾಗಾದರೆ ನಿಜವಾದ ಅಂಕಿ 0.008 ಅಂತ ತಿಳಿಯಬಹುದಾ? ಇದನ್ನು ಹೆಚ್ಚಿಸಲು ಅಣುವಿನ ಮಟ್ಟದಲ್ಲಿ ಏನು ಬದಲಿಸಬೇಕು?

ಸುರತ್ಕಲ್_ಅಲೆ ಉತ್ತರಿಸಿದ್ದು:

0.008 ಸುತ್ತಮುತ್ತ ಇರಬಹುದು, ಆದರೆ ±0.013ರ ಸುಳ್ಳನ್ನು ಕಳೆದು ಉಳಿಸಿಕೊಂಡ 0.008 ಅದು. ಗಾಜಿನ ಮೇಲೆ, ನೇರ ಸಾಲಿನಲ್ಲಿ ಮತ್ತೆ ಅಳೆಯಿರಿ. ನಿಜವಾದ ಮ್ಯಾಂಗನೀಸ್ ಹ್ಯಾಲೈಡ್‌ಗಳಲ್ಲಿ 0.001ರಿಂದ 0.01ರ ಆಸುಪಾಸು ಸಾಮಾನ್ಯ, ಹಾಗಾಗಿ ನಂಬಲಾಗದ ಅಂಕಿಯೇನೂ ಅಲ್ಲ.

ವಿನ್ಯಾಸಕ್ಕೆ ಬರೋಣ. ಒಂದು ಪರಿವರ್ತನೆಯ ವಿದ್ಯುತ್ ದ್ವಿಧ್ರುವ ದೊಡ್ಡದು, ಕಾಂತೀಯ ದ್ವಿಧ್ರುವ ಸಣ್ಣದು ಇದ್ದಾಗ ಜಿ ಸುಮಾರಾಗಿ ಕಾಂತೀಯವನ್ನು ವಿದ್ಯುತ್ತಿನಿಂದ ಭಾಗಿಸಿದ್ದರ ನಾಲ್ಕು ಪಟ್ಟು, ಅದಕ್ಕೆ ಎರಡರ ನಡುವಿನ ಕೋನದ ಕೊಸೈನ್ ಗುಣಿಸಬೇಕು. ಜೋರಾಗಿ ಹೊಳೆಯುವ, ಪೂರ್ತಿ ಅನುಮತಿ ಇರುವ ಪರಿವರ್ತನೆಯಲ್ಲಿ ಭಾಜಕ ದೊಡ್ಡದು, ಜಿ ಸಣ್ಣದು. ಮ್ಯಾಂಗನೀಸಿನ ಹಸಿರು ಸ್ಪಿನ್ ನಿಯಮಕ್ಕೆ ವಿರುದ್ಧವಾದ ಡಿ-ಡಿ ಪರಿವರ್ತನೆ, ಅದರ ವಿದ್ಯುತ್ ದ್ವಿಧ್ರುವ ಚಿಕ್ಕದು. ಯೂರೋಪಿಯಂನ 595 ನ್ಯಾ.ಮೀ. ಗೆರೆ ಕಾಂತೀಯ ದ್ವಿಧ್ರುವದಿಂದಲೇ ಬರುವಂಥದ್ದು, ಅದಕ್ಕೇ ಅಲ್ಲಿ 0.78. ಲೋಹ ಆರಿಸುವಾಗ ಮೊದಲು ನೋಡಬೇಕಾದದ್ದು ಇದು.

ಇನ್ನು ಕೈರಾಲಿಟಿ ಅಮೀನಿನಿಂದ ಲೋಹಕ್ಕೆ ದಾಟಬೇಕು. ಕೈರಲ್ ಅಮೀನು ಹರಳಿನಲ್ಲಿ ಇದ್ದ ಮಾತ್ರಕ್ಕೆ ಮ್ಯಾಂಗನೀಸಿನ ಸುತ್ತಲಿನ ಟೆಟ್ರಾಹೆಡ್ರನ್ ತಿರುಚಿಕೊಳ್ಳುವುದಿಲ್ಲ. ಅದನ್ನು ಎಳೆಯುವ ಕೈ ಹೆಚ್ಚಾಗಿ ನೈಟ್ರೋಜನ್-ಹೈಡ್ರೋಜನ್ ಮತ್ತು ಬ್ರೋಮೈಡ್ ನಡುವಿನ ಹೈಡ್ರೋಜನ್ ಬಂಧ. ನಿಮ್ಮ ಕ್ವಾಟರ್ನರಿಯಲ್ಲಿ ಆ ಕೈ ಇಲ್ಲ. ಹಾಗಂತ ಮೂರು ಹೈಡ್ರೋಜನ್ ಇರುವ ಪ್ರೈಮರಿ ಅಮೀನಿಗೆ ಹಾರಿದರೆ ನೀರನ್ನೂ ಹರಳಿನೊಳಗೆ ಕರೆದಂತೆ, ಜೊತೆಗೆ ಮ್ಯಾಂಗನೀಸ್ ಪಕ್ಕಪಕ್ಕ ಸೇರಿ ಆಕ್ಟಾಹೆಡ್ರಲ್ ಸರಪಳಿಯಾಗುವ ಸಾಧ್ಯತೆ ಹೆಚ್ಚುತ್ತದೆ. ಆಗ ಹೊಳಪು ಹಸಿರು ಹೋಗಿ ಕಿತ್ತಳೆ-ಕೆಂಪು ಆಗುತ್ತದೆ.

ನನ್ನ ಸಲಹೆ ನಡುವಿನ ದಾರಿ. ನಿಮ್ಮಲ್ಲಿರುವ ಅದೇ ಟರ್ಷಿಯರಿ ಅಮೀನಿಗೆ ಬೆಂಜೈಲ್ ಬ್ರೋಮೈಡ್ ಬದಲು ಹೈಡ್ರೋಬ್ರೋಮಿಕ್ ಆಮ್ಲ ಹಾಕಿ. ಒಂದೇ ಒಂದು ನೈಟ್ರೋಜನ್-ಹೈಡ್ರೋಜನ್ ಬಂಧ ಸಿಗುತ್ತದೆ, ಅದೂ ಕೈರಲ್ ಕಾರ್ಬನ್ನಿಗೆ ಅಂಟಿಕೊಂಡೇ. ಅಮೀನ್ 298 ಮಿ.ಗ್ರಾಂ (2 ಮಿಲಿಮೋಲ್) ಅನ್ನು 3 ಮಿ.ಲೀ. ಎಥನಾಲ್‌ಗೆ ಹಾಕಿ ಐಸ್ ಮೇಲಿಟ್ಟು, ಶೇ 48ರ ಹೈಡ್ರೋಬ್ರೋಮಿಕ್ ಆಮ್ಲ 0.25 ಮಿ.ಲೀ. ಹನಿಹನಿಯಾಗಿ ಬಿಡಿ. ಆಮೇಲೆ ಟೈಟ್ರೇಶನ್ ಲೆಕ್ಕದ ಪ್ರಕಾರ 0.98 ಮಿಲಿಮೋಲ್ ಮ್ಯಾಂಗನೀಸ್. ಆಮ್ಲದ ಜೊತೆ ಬಂದ ನೀರನ್ನು ಬಿಡಬೇಡಿ, ರೋಟರಿ ಇವಾಪೊರೇಟರ್‌ನಲ್ಲಿ 60 ಡಿಗ್ರಿಗೆ ಒಣಗಿಸಿ, ಒಣ ಎಥನಾಲ್ ಹಾಕಿ ಮತ್ತೆ ಒಣಗಿಸಿ, ಆಮೇಲಷ್ಟೇ ಈಥರ್ ಆವಿಗೆ ಇಡಿ. ಕೈರಲ್ ಕಾರ್ಬನ್ನನ್ನು ಈ ಹಂತಗಳು ಮುಟ್ಟುವುದಿಲ್ಲ, ರೇಸಮೀಕರಣದ (ಆರ್ ಎಸ್ ಎರಡೂ ಬೆರೆತುಹೋಗುವ) ಭಯ ಬೇಡ. ಮಿಥೈಲ್ ಅಯೋಡೈಡ್‌ನಿಂದ ಕ್ವಾಟರ್ನರಿ ಮಾಡುವ ಯೋಚನೆ ಇದ್ದರೆ ಬಿಡಿ, ಅಯೋಡೈಡ್ ಬ್ರೋಮೈಡ್ ಬೆರೆತು ಯಾವ ಹರಳು ಅಂತ ಹೇಳಲಾಗದಂತಾಗುತ್ತದೆ.

ಸೀಸದ ಅಯೋಡೈಡ್ ಕಡೆ ಹೋಗುವುದು ನಿಮ್ಮ ಉದ್ದೇಶಕ್ಕೆ ಸರಿಹೊಂದುವುದಿಲ್ಲ. ಆ ಎರಡು ಆಯಾಮದ ಪದರದ ಹರಳು ಕೋಣೆಯ ತಾಪದಲ್ಲಿ ಬಹಳ ಮಂಕು. 2019ರಲ್ಲಿ ಪ್ರಕಟವಾದ ಶೇ 17.6 ಧ್ರುವಣ 77 ಕೆಲ್ವಿನ್‌ನದು. ಅಷ್ಟು ತಂಪಿಗೆ ಇಲ್ಲಿ ಕ್ರಯೋಸ್ಟಾಟ್ ಕಿಟಕಿಯ ಮೇಲೆ ಹಿಮ ಕಟ್ಟದಂತೆ ಒಣ ನೈಟ್ರೋಜನ್ ಸದಾ ಊದುತ್ತಿರಬೇಕು. ಹೀರುವ ಬೆಳಕಿನ ಎಡ-ಬಲ ಗುರುತಿಸುವ ಡಿಟೆಕ್ಟರ್ ಮಾಡುವವರಿಗೆ ಅದು ಒಳ್ಳೆಯ ವಸ್ತು. ಹೊಮ್ಮುವ ಬೆಳಕು ಬೇಕಾದ ನಿಮಗೆ ಮ್ಯಾಂಗನೀಸೇ ವಾಸಿ, ಸೀಸದ ತ್ಯಾಜ್ಯದ ತಲೆಬಿಸಿಯೂ ಇಲ್ಲ.

ಮಣಿಪಾಲ_ಮಸೂರ:

ಅಲೆಯವರ ಮಾತಿಗೆ ಒಂದು ಸೇರಿಸಬೇಕು. ಶೇ 17.6 ಎನ್ನುವುದು ಎಡ-ಬಲ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದ ಧ್ರುವಣ. ಜಿ ಅದರ ಎರಡರಷ್ಟು, ಸುಮಾರು 0.35. ಎರಡು ಪೇಪರ್ ಪಕ್ಕಪಕ್ಕ ಇಟ್ಟು ಹೋಲಿಸುವಾಗ ಯಾರು ಯಾವುದನ್ನು ಬರೆದಿದ್ದಾರೆ ಅಂತ ನೋಡಿಕೊಳ್ಳಿ.

ಒಂದು ಹೈಡ್ರೋಜನ್ ಬಂಧದಿಂದ ಜಿ ಏರುತ್ತದೆ ಎಂಬುದನ್ನು ನಾನು ಅಷ್ಟು ಖಚಿತವಾಗಿ ಹೇಳಲಾರೆ. ಬಂಧ ಇದ್ದೂ ತಿರುಚು ಸಣ್ಣದಿರಬಹುದು. ಸಿಂಗಲ್ ಕ್ರಿಸ್ಟಲ್ ರಚನೆ ತೆಗೆದು, ಬ್ರೋಮೈಡ್-ಮ್ಯಾಂಗನೀಸ್-ಬ್ರೋಮೈಡ್ ಕೋನ ಆರನ್ನೂ ಎರಡೂ ಸಂಯುಕ್ತಗಳಲ್ಲಿ ಪಕ್ಕಪಕ್ಕ ಬರೆಯಿರಿ. ಬ್ರೋಮಿನ್ ಇರುವುದರಿಂದ ಫ್ಲ್ಯಾಕ್ ಪ್ಯಾರಾಮೀಟರ್ (ರಚನೆಯಲ್ಲಿ ಆರ್ ಎಸ್ ಸರಿಯಾಗಿ ಗುರುತಿಸಿದೆಯೇ ಅಂತ ಹೇಳುವ ಅಂಕಿ) ಚೆನ್ನಾಗಿ ಬರುತ್ತದೆ. ಅದು ಸೊನ್ನೆಯ ಹತ್ತಿರ, ಅನಿಶ್ಚಿತತೆ 0.1ಕ್ಕಿಂತ ಕಡಿಮೆ ಇರಬೇಕು. ಮ್ಯಾಂಗನೀಸ್‌ನಿಂದ ಮ್ಯಾಂಗನೀಸಿಗೆ ಇರುವ ಅತಿ ಕಡಿಮೆ ದೂರವನ್ನೂ ಬರೆದಿಡಿ, ಹತ್ತಿರವಾದಷ್ಟೂ ಶಕ್ತಿ ಒಂದರಿಂದ ಒಂದಕ್ಕೆ ಹಾರಿ ಹೊಳಪು ಕುಗ್ಗುತ್ತದೆ.

ರೇಸಮಿಕ್ ಹೋಲಿಕೆಯಲ್ಲೂ ಜಾಗ್ರತೆ. ರೇಸಮಿಕ್ ಅಮೀನಿನಿಂದ ಬೆಳೆಸಿದ ಹರಳು ಎಷ್ಟೋ ಸಲ ಬೇರೆಯೇ ಸ್ಪೇಸ್ ಗ್ರೂಪ್‌ಗೆ ಹೋಗುತ್ತದೆ, ಅಲ್ಲಿ ಸೊನ್ನೆ ಬಂದರೆ ನಿಮ್ಮ ರಚನೆಯ ಬಗ್ಗೆ ಏನೂ ಹೇಳಿದಂತಾಗುವುದಿಲ್ಲ. ಅದರ ಬದಲು ಬೆಳೆಸಿಯಾದ ಆರ್ ಪುಡಿ 20 ಮಿ.ಗ್ರಾಂ, ಎಸ್ ಪುಡಿ 20 ಮಿ.ಗ್ರಾಂ ದ್ರಾವಕ ಇಲ್ಲದೆ ಒಣದಾಗಿ ಬೆರೆಸಿ ಅಳೆಯಿರಿ. ಪೌಡರ್ ಎಕ್ಸ್‌ಆರ್‌ಡಿ (ಹರಳಿನ ರಚನೆ ತೋರಿಸುವ ಎಕ್ಸ್-ಕಿರಣ ಅಳತೆ) ಹಾಗೇ ಇರಬೇಕು, ಜಿ ಮಾತ್ರ ಸೊನ್ನೆಯಾಗಬೇಕು. ಸಿಡಿ (ಎಡ ಬಲ ವೃತ್ತೀಯ ಬೆಳಕನ್ನು ಹೀರುವುದರಲ್ಲಿನ ವ್ಯತ್ಯಾಸ) ತೆಗೆಯಲು ಪೊಟ್ಯಾಸಿಯಂ ಬ್ರೋಮೈಡ್ ಪೆಲೆಟ್ ಮಾಡುವುದಾದರೆ 200 ಮಿ.ಗ್ರಾಂಗೆ 1 ಮಿ.ಗ್ರಾಂ ಹರಳು ಸಾಕು. ಮುಂದೆ ಕ್ಲೋರೈಡ್ ಹರಳು ಮಾಡಿದರೆ ಇದೇ ಪೆಲೆಟ್ ಬಳಸಬೇಡಿ, ಅರೆಯುವಾಗಲೇ ಕ್ಲೋರೈಡ್ ಜಾಗಕ್ಕೆ ಬ್ರೋಮೈಡ್ ಬಂದು ಕೂರುತ್ತದೆ. ಪ್ಯಾರಾಫಿನ್ ಎಣ್ಣೆಯಲ್ಲಿ ಅರೆದು ಎರಡು ಸಿಲಿಕಾ ತುಂಡಿನ ನಡುವೆ ಒತ್ತಿ ಅಳೆಯಿರಿ.